ಓದುಗರ ಪ್ರಶ್ನೆ: ನಮ್ಮ ಉರಿಯೂತ ವೈರಸ್‌ಗೆ ಹೇಗೆ ಅನುಕೂಲವಾಗುತ್ತದೆ?

ಈ ಸಲ ಬಂದ ಪತ್ರಗಳಲ್ಲಿ ವಾಂತಿಭೇದಿಯ ಬಗ್ಗೆ ಕೇಳಿದವೇ ಜಾಸ್ತಿ. ಅದರಲ್ಲೂ ಮೊದಲನೇ ಪ್ರಶ್ನೆ ನನ್ನ ಮನಸ್ಸಿಗೆ ತುಂಬ ಹತ್ತಿರದ್ದು. ಹಾಗಾಗಿ ಇಡೀ ಅಂಕಣವನ್ನು ಕರುಳಿನ ವೈರಸ್‌ಗಳಿಗೇ ಬಿಟ್ಟಿದ್ದೇನೆ. ನಾನು ರೋಗಿಗಳನ್ನು ನೋಡುವ ಡಾಕ್ಟರ್ ಅಲ್ಲ. 26 ವರ್ಷ ಪ್ರಯೋಗಾಲಯದಲ್ಲಿ, ಮಕ್ಕಳಿಗೆ ಭೇದಿ ತರುವ ರೋಟಾವೈರಸ್ ಬೆಳೆಸುತ್ತಾ, ಅದರ ಜಾಡು ಹಿಡಿಯುತ್ತಾ ಕಳೆದವಳು.

ಪ್ರಶ್ನೆ: "ಉರಿಯೂತ ಅಂದರೆ ದೇಹವು ರೋಗಾಣುವಿನ ಜೊತೆ ಹೋರಾಡುವ ರೀತಿ ಅಂತ ಮಕ್ಕಳಿಗೆ ಪಾಠ ಮಾಡುತ್ತೇನೆ. ಆದರೆ ಕರುಳಿನ ಕೆಲವು ವೈರಸ್‌ಗಳು ಆ ಉರಿಯೂತದಿಂದಲೇ ಬೆಳೆಯುತ್ತವೆ ಅಂತ ಓದಿದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯ್ತಲ್ಲ! ಇಷ್ಟು ವರ್ಷ ನಾನು ತಪ್ಪು ಹೇಳಿಕೊಟ್ಟೆನಾ?" – ಹೈಸ್ಕೂಲ್ ವಿಜ್ಞಾನ ಶಿಕ್ಷಕಿ

ಖಂಡಿತ ಇಲ್ಲ ಮೇಡಂ. ನಿಮ್ಮ ಪಾಠ ಸರಿಯಾಗಿಯೇ ಇದೆ. ಅದಕ್ಕೆ ಒಂದು ಮಾತು ಸೇರಿಸಿದರೆ ಸಾಕು. ಉರಿಯೂತ ಅನ್ನುವುದು ಒಂದೇ ಕೆಲಸ ಅಲ್ಲ, ಹತ್ತಾರು ಕೆಲಸಗಳ ಕಂತೆ. ವೈರಸ್ ಇಡೀ ಕಂತೆಯನ್ನು ಬಳಸಿಕೊಳ್ಳುವುದಿಲ್ಲ. ತನಗೆ ಅಪಾಯ ಅನ್ನಿಸಿದ್ದನ್ನು ಮುರಿಯುತ್ತದೆ, ಉಪಯೋಗಕ್ಕೆ ಬರುವುದನ್ನು ಉಳಿಸಿಕೊಳ್ಳುತ್ತದೆ. ಇಲ್ಲಿ ಬೇಲಿ ಹೊಲ ಮೇಯುತ್ತಿಲ್ಲ. ಬೇಲಿಯ ಗೂಟ ಕಿತ್ತು ಕಳ್ಳ ಏಣಿ ಮಾಡಿಕೊಂಡಿದ್ದಾನೆ.

ಕರುಳಿನ ಒಳಗೋಡೆಯ ಒಂದು ಜೀವಕೋಶಕ್ಕೆ ವೈರಸ್ ಹೊಕ್ಕಿತು ಅಂದುಕೊಳ್ಳಿ. ತನ್ನದಲ್ಲದ ಆರ್‌ಎನ್‌ಎ ಕಂಡ ಕೂಡಲೇ ಜೀವಕೋಶ ಮುಖ್ಯವಾಗಿ ಎರಡು ಬಗೆಯ ಸುದ್ದಿ ಹೊರಡಿಸುತ್ತದೆ. ಒಂದು ಇಂಟರ್‌ಫೆರಾನ್. ಅದು ಅಕ್ಕಪಕ್ಕದ ಜೀವಕೋಶಗಳಿಗೆ "ಬಾಗಿಲು ಹಾಕಿಕೊಳ್ಳಿ, ವೈರಸ್ ಬಂದರೆ ಬೆಳೆಯಲು ಬಿಡಬೇಡಿ" ಅನ್ನುತ್ತದೆ. ಇನ್ನೊಂದು ಊತ, ಬಿಸಿ, ನೋವು ತರುವ ಸುದ್ದಿ. ಪ್ರೊಸ್ಟಗ್ಲಾಂಡಿನ್ ಅನ್ನುವ ಹೆಸರು ನೀವು ಕೇಳಿರಬಹುದು, ಅದು ಈ ಗುಂಪಿನದು. ಮೊದಲನೆಯದು ವೈರಸ್ ಪಾಲಿಗೆ ಯಮ. ಎರಡನೆಯದರಲ್ಲಿ ಅದಕ್ಕೆ ಬೇಕಾದ್ದು ಸಾಕಷ್ಟು ಸಿಗುತ್ತದೆ.

ರೋಟಾವೈರಸ್ಸನ್ನೇ ತಗೊಳ್ಳಿ. 1973ರಲ್ಲಿ ಮೆಲ್ಬರ್ನ್‌ನಲ್ಲಿ ರೂತ್ ಬಿಷಪ್ ಮತ್ತು ಅವರ ಜೊತೆಗಾರರು ಭೇದಿಯಾದ ಮಕ್ಕಳ ಕರುಳಿನಿಂದ ತೆಗೆದ ಸಣ್ಣ ಚೂರನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ನೋಡಿದಾಗ ಅದು ಕಣ್ಣಿಗೆ ಬಿತ್ತು. ಚಕ್ರದ ಹಾಗೆ ಕಾಣುತ್ತದೆ ಅಂತ ಆ ಹೆಸರು. ಅದರ ಬಳಿ ಇರುವುದು 11 ತುಂಡು ಆರ್‌ಎನ್‌ಎ. ಅವುಗಳಿಂದ ತಯಾರಾಗುವುದು ಬರೀ 12 ಪ್ರೋಟೀನ್. ನಮ್ಮ ಒಂದೊಂದು ಜೀವಕೋಶದಲ್ಲೂ ಸಾವಿರಾರು ಬಗೆಯ ಪ್ರೋಟೀನ್ ಇರುತ್ತವೆ. ಹನ್ನೆರಡೇ ಆಳು ಇಟ್ಟುಕೊಂಡು ಇಷ್ಟು ದೊಡ್ಡ ಮನೆಯಲ್ಲಿ ದರ್ಬಾರು ಮಾಡಬೇಕು ಅಂದರೆ ಮನೆಯವರ ಕೈಯಿಂದಲೇ ಕೆಲಸ ಮಾಡಿಸಬೇಕು, ಅಲ್ವಾ?

ಆ ಹನ್ನೆರಡರಲ್ಲಿ ಎನ್‌ಎಸ್‌ಪಿ1 ಅನ್ನುವ ಒಂದು ಪ್ರೋಟೀನ್ ಇಂಟರ್‌ಫೆರಾನ್ ಸುದ್ದಿ ಹೊರಡಿಸುವವರನ್ನು ಮಟ್ಟ ಹಾಕುತ್ತದೆ. ಹಳೆಯ ಪ್ರೋಟೀನ್‌ಗಳನ್ನು ಚೂರು ಮಾಡಲು ಜೀವಕೋಶ ಒಂದು ಏರ್ಪಾಟು ಇಟ್ಟುಕೊಂಡಿರುತ್ತದೆ. ಎನ್‌ಎಸ್‌ಪಿ1 ಒಳ್ಳೆಯ ಪ್ರೋಟೀನ್‌ಗಳನ್ನೇ ಅದಕ್ಕೆ ತಳ್ಳಿಬಿಡುತ್ತದೆ. ಜೀವಕೋಶ ತನ್ನ ಕಾವಲುಗಾರರನ್ನು ತಾನೇ ಕೈಯಾರೆ ಹಾಳುಮಾಡಿಕೊಳ್ಳುತ್ತದೆ.

ಎನ್‌ಎಸ್‌ಪಿ4 ಅನ್ನುವ ಇನ್ನೊಂದರ ಕೆಲಸ ಬೇರೆ. ಜೀವಕೋಶದ ಒಳಗೆ ಕ್ಯಾಲ್ಸಿಯಂ ತುಂಬಿಟ್ಟ ಕಣಜ ಇರುತ್ತದೆ. ಎನ್‌ಎಸ್‌ಪಿ4 ಅದಕ್ಕೆ ತೂತು ಕೊರೆಯುತ್ತದೆ. ಕ್ಯಾಲ್ಸಿಯಂ ಹೊರಗೆ ಸೋರುತ್ತದೆ.

ಇದನ್ನು ಮೊದಲ ಸಲ ಕಣ್ಣಾರೆ ನೋಡಿದ ರಾತ್ರಿ ನನಗೆ ಇನ್ನೂ ನೆನಪಿದೆ. ಮೈಕ್ರೋಸ್ಕೋಪ್ ಕೋಣೆಯ ದೀಪ ಆರಿಸಿ ಕೂತಿದ್ದೆ. ತಟ್ಟೆಯ ತಳದಲ್ಲಿ ಕರುಳಿನ ಜೀವಕೋಶಗಳು ಒಂದೇ ಪದರವಾಗಿ, ಕಲ್ಲು ಹಾಸಿದ ಹಾಗೆ ಒತ್ತೊತ್ತಾಗಿ ಕೂತಿದ್ದವು. ಕ್ಯಾಲ್ಸಿಯಂ ಜಾಸ್ತಿ ಆದಲ್ಲಿ ಹಸಿರಾಗಿ ಮಿನುಗುವಂತೆ ಮಾಡಿದ್ದೆವು. ತುಂಬ ಹೊತ್ತು ಏನೂ ಆಗಲಿಲ್ಲ. ಆಮೇಲೆ ಪರದೆಯ ಮೂಲೆಯಲ್ಲಿ ಒಂದು ಜೀವಕೋಶ ಫಕ್ಕನೆ ಹೊಳೆಯಿತು. ಅದರ ಸುತ್ತ ಇದ್ದವು ಹೊಳೆದವು, ಆಮೇಲೆ ಅವುಗಳ ಸುತ್ತ ಇದ್ದವು. ಕೊಳಕ್ಕೆ ಕಲ್ಲು ಹಾಕಿದಾಗ ಏಳುವ ಉಂಗುರದ ಹಾಗೆ ಬೆಳಕು ಹರಡಿ ಆರಿತು. ಸ್ವಲ್ಪ ಹೊತ್ತಿಗೆ ಅದೇ ಜಾಗದಿಂದ ಮತ್ತೊಂದು ಉಂಗುರ. ಆಮೇಲೆ ಇನ್ನೊಂದು. ಸೋಂಕು ತಗುಲಿದ್ದು ನಡುವಿನ ಒಂದಕ್ಕೆ ಮಾತ್ರ! ಸುತ್ತಲಿನವು ಆರೋಗ್ಯವಾಗಿದ್ದವು, ಆದರೂ ಗಾಬರಿಯಾಗಿದ್ದವು.

ಅಲೆ ಎಬ್ಬಿಸುವ ವಸ್ತು ಯಾವುದು ಅಂತ 2020ರಲ್ಲಿ ಹ್ಯೂಸ್ಟನ್‌ನ ಬೇಲರ್ ವೈದ್ಯಕೀಯ ಕಾಲೇಜಿನ ಜೋಸೆಫ್ ಹೈಸರ್ ಅವರ ತಂಡ ತೋರಿಸಿತು. ಅದು ಎಡಿಪಿ. ಜೀವಕೋಶದ ಒಳಗೆ ಇರಬೇಕಾದ ಸಾಮಾನು ಅದು. ಹೊರಗೆ ಕಂಡರೆ "ಯಾರಿಗೋ ಗಾಯವಾಗಿದೆ" ಅಂತ ಅಕ್ಕಪಕ್ಕದವು ಅರ್ಥಮಾಡಿಕೊಳ್ಳುತ್ತವೆ. ಅಂದರೆ ಇದು ನಮ್ಮ ಅಪಾಯದ ಗಂಟೆ. ಸೋಂಕು ತಗುಲಿದ ಜೀವಕೋಶ ಅದನ್ನು ಪದೇ ಪದೇ ಬಾರಿಸುತ್ತದೆ. ನೆರೆಯ ಜೀವಕೋಶಗಳ ಮೇಲೆ ಪಿ2ವೈ1 ಅನ್ನುವ ಕಿವಿ ಇದೆ. ಆ ಕಿವಿ ಮುಚ್ಚಿದಾಗ ಅಲೆ ನಿಂತಿತು. ಅಷ್ಟೇ ಆಗಿದ್ದರೆ ನನಗೆ ಅಷ್ಟೇನೂ ಆಶ್ಚರ್ಯ ಆಗುತ್ತಿರಲಿಲ್ಲ. ಜೊತೆಗೆ ವೈರಸ್‌ನ ಬೆಳೆಯೂ ಕಡಿಮೆಯಾಯಿತು. ಇಲಿಮರಿಗಳ ಭೇದಿಯೂ ತಗ್ಗಿತು. ಗಂಟೆ ಬಾರಿಸಿದಷ್ಟೂ ವೈರಸ್‌ಗೆ ಲಾಭ ಅಂತ ಆಯ್ತಲ್ಲ.

ಯಾಕೆ ಲಾಭ? ರೋಟಾವೈರಸ್‌ಗೆ ಮೂರು ಪದರದ ಅಂಗಿ. ಹೊರಗಿನ ಪದರ ನಿಲ್ಲುವುದೇ ಕ್ಯಾಲ್ಸಿಯಂ ಹಿಡಿತದಿಂದ. ಕ್ಯಾಲ್ಸಿಯಂ ಹೀರಿಕೊಳ್ಳುವ ರಾಸಾಯನಿಕ ಹಾಕಿದರೆ ಆ ಪದರ ಉದುರುತ್ತದೆ, ವೈರಸ್ ಕೆಲಸಕ್ಕೆ ಬಾರದೆ ಹೋಗುತ್ತದೆ. ಮರಿ ವೈರಸ್‌ಗಳು ತಯಾರಾಗುವಾಗಲೂ ಕ್ಯಾಲ್ಸಿಯಂ ಬೇಕೇ ಬೇಕು.

ಪ್ರೊಸ್ಟಗ್ಲಾಂಡಿನ್ ಕಥೆಯೂ ಹೀಗೇ. ಅದನ್ನು ತಯಾರಿಸುವ ಕಿಣ್ವದ ಹೆಸರು ಕಾಕ್ಸ್. ತಟ್ಟೆಯಲ್ಲಿ ಬೆಳೆಸಿದ ಕರುಳಿನ ಜೀವಕೋಶಗಳಿಗೆ ಇಂಡೊಮೆಥಾಸಿನ್ ಅನ್ನುವ ಕಾಕ್ಸ್ ತಡೆಯುವ ಔಷಧಿ ಹಾಕಿ, ಆಮೇಲೆ ರೋಟಾವೈರಸ್ ಬಿಟ್ಟು ನೋಡಿದ್ದು 2004ರಲ್ಲಿ ಪ್ರಕಟವಾಯಿತು. ವೈರಸ್ ಜೀವಕೋಶಕ್ಕೆ ಅಂಟಿಕೊಂಡಿತು, ಅದಕ್ಕೇನೂ ತೊಂದರೆ ಆಗಲಿಲ್ಲ. ಆದರೆ ಅದರ ಮುಂದಿನ ಹೆಜ್ಜೆಯಲ್ಲಿ ಎಡವಿತು. ಸೋಂಕು ಇಳಿಯಿತು.

ಇಷ್ಟೆಲ್ಲ ಹೇಳಿ ನಿಮ್ಮ ಪಾಠಕ್ಕೆ ವಾಪಸ್ ಬರುತ್ತೇನೆ. ಇಲಿಯ ಕರುಳಿನಲ್ಲಿ ಎನ್‌ಎಲ್‌ಆರ್‌ಪಿ9ಬಿ ಅನ್ನುವ ಉರಿಯೂತದ ಕಾವಲುಗಾರ ಇದ್ದಾನೆ. ರೋಟಾವೈರಸ್ಸಿನ ಆರ್‌ಎನ್‌ಎ ಇರುವುದು ಗೊತ್ತಾದರೆ ಸಾಕು, ಸೋಂಕು ತಗುಲಿದ ಜೀವಕೋಶವನ್ನೇ ಒಡೆದು ಹೊರಗೆ ಹಾಕಿಸುತ್ತಾನೆ. ಅವನಿಲ್ಲದ ಇಲಿಮರಿಗಳಿಗೆ ಸೋಂಕು ಇನ್ನೂ ಜೋರಾಗುತ್ತದೆ ಅಂತ 2017ರಲ್ಲಿ ಗೊತ್ತಾಯಿತು. ಅಂದರೆ ಉರಿಯೂತ ಹೋರಾಡುತ್ತಲೇ ಇದೆ. ಮಕ್ಕಳಿಗೆ ಎರಡನ್ನೂ ಹೇಳಿ. ಅವರಿಗೆ ಇದು ಕಷ್ಟವಾಗುವುದಿಲ್ಲ. ನಾನು ಶಾಲೆಗಳಿಗೆ ಹೋಗಿ ಅಲೆಯ ವಿಡಿಯೋ ತೋರಿಸಿದಾಗಲೆಲ್ಲ "ಪಕ್ಕದ್ದು ಯಾಕೆ ಹೊಳೆಯಿತು?" ಅಂತ ಮೊದಲು ಕೇಳುವುದು ಮಕ್ಕಳೇ.

ಪ್ರಶ್ನೆ: "ವಾಂತಿಭೇದಿ ತರುವ ನೊರೊವೈರಸ್ ಕೂಡ ಹೀಗೇ ಮಾಡುತ್ತದಾ? ಹೊಟ್ಟೆಯಲ್ಲಿ ಹುಳ ಇದ್ದರೆ ವೈರಸ್ ಸೋಂಕು ಜಾಸ್ತಿ ಅಂತ ನಮ್ಮ ಪ್ರಾಧ್ಯಾಪಕರು ಹೇಳಿದರು. ಎರಡಕ್ಕೂ ಏನು ಸಂಬಂಧ?" – ಬಿ.ಎಸ್‌ಸಿ. ವಿದ್ಯಾರ್ಥಿ

ನಿಮ್ಮ ಪ್ರಾಧ್ಯಾಪಕರು ಹೇಳಿದ್ದು ಇಲಿಯ ನೊರೊವೈರಸ್ ಬಗ್ಗೆ ಇರಬೇಕು. ತುಂಬ ಸೊಗಸಾದ ಕಥೆ ಅದು.

ಇಲಿಗಳಿಗೂ ಅವುಗಳದ್ದೇ ನೊರೊವೈರಸ್ ಇದೆ ಅಂತ ಗೊತ್ತಾದದ್ದು 2003ರಲ್ಲಿ. ಅದರ ಕೆಲವು ತಳಿಗಳು ಕರುಳಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತವೆ. ಆದರೆ ಎಲ್ಲಿ ಅಡಗಿ ಕೂತಿವೆ ಅಂತ ವರ್ಷಗಟ್ಟಲೆ ಹುಡುಕಿದರೂ ಸಿಗಲಿಲ್ಲ. 2016ರಲ್ಲಿ ಅದು ಒಳಗೆ ಹೋಗುವ ಬಾಗಿಲು ಸಿಕ್ಕಿತು, ಸಿಡಿ300ಎಲ್ಎಫ್ ಅಂತ ಹೆಸರು. ಬಾಗಿಲು ಗೊತ್ತಾದ ಮೇಲೆ ಮನೆ ಹುಡುಕುವುದು ಸುಲಭ. 2018ರಲ್ಲಿ ಮನೆಯೂ ಸಿಕ್ಕಿತು. ಕರುಳಿನ ಗೋಡೆಯಲ್ಲಿ ಅಲ್ಲೊಂದು ಇಲ್ಲೊಂದು ಇರುವ, ತಲೆಯ ಮೇಲೆ ಕುಚ್ಚು ಕಟ್ಟಿದ ಹಾಗಿರುವ ಜೀವಕೋಶಗಳು. ಟಫ್ಟ್ ಜೀವಕೋಶ ಅನ್ನುತ್ತಾರೆ. ಸಂಖ್ಯೆ ಎಷ್ಟು ಕಡಿಮೆ ಅಂದರೆ, ಸುಮ್ನೆ ನೋಡಿದರೆ ಕಣ್ಣಿಗೇ ಬೀಳುವುದಿಲ್ಲ.

ಈ ಕುಚ್ಚಿನ ಜೀವಕೋಶಗಳ ಮುಖ್ಯ ಕೆಲಸವೇ ಹುಳದ ಮೇಲೆ ಕಣ್ಣಿಡುವುದು. ಹುಳದ ಸುಳಿವು ಸಿಕ್ಕರೆ ಐಎಲ್-25 ಅನ್ನುವ ಸಂಕೇತ ಬಿಡುತ್ತವೆ. ಅದನ್ನು ಕೇಳಿ ಪಕ್ಕದ ರೋಗನಿರೋಧಕ ಜೀವಕೋಶಗಳು ಐಎಲ್-13 ಮತ್ತು ಅದರ ಬಳಗದ ಸಂಕೇತ ಬಿಡುತ್ತವೆ. ಇದೂ ಒಂದು ಬಗೆಯ ಉರಿಯೂತವೇ. ಅದರ ಫಲ ಏನು ಗೊತ್ತಾ? ಕರುಳು ಇನ್ನೂ ಜಾಸ್ತಿ ಕುಚ್ಚಿನ ಜೀವಕೋಶಗಳನ್ನು ಹುಟ್ಟಿಸುತ್ತದೆ. ಹುಳ ಓಡಿಸಲು ಇದು ಒಳ್ಳೆಯದೇ. ಆದರೆ ವೈರಸ್ ವಾಸ ಮಾಡುವುದೇ ಆ ಜೀವಕೋಶಗಳಲ್ಲಿ! ಕಾವಲಿಗೆ ಜನ ಹೆಚ್ಚಿಸಿದಷ್ಟೂ ವೈರಸ್‌ಗೆ ಮನೆ ಹೆಚ್ಚಾಯಿತು. ಹುಳವೇ ಇಲ್ಲದ ಇಲಿಗಳಿಗೆ ಐಎಲ್-25 ಅಥವಾ ಐಎಲ್-4 ಚುಚ್ಚಿದಾಗಲೂ ವೈರಸ್ ಜಾಸ್ತಿಯಾಯಿತು.

ರೋಟಾವೈರಸ್ ಗಂಟೆ ಬಾರಿಸುತ್ತದೆ. ಇದು ಹಾಗಲ್ಲ. ಬೇರೆ ಯಾರದೋ ಜಗಳದ ಗಂಟೆ ಬಾರಿಸಿದಾಗ ತನ್ನ ಬೇಳೆ ಬೇಯಿಸಿಕೊಳ್ಳುತ್ತದೆ. ಪರೀಕ್ಷೆಯಲ್ಲಿ ಬರೆಯುವಾಗ ಈ ವ್ಯತ್ಯಾಸ ಮರೆಯಬೇಡಿ.

ಒಂದು ಎಚ್ಚರಿಕೆ. ಇಲಿಯ ಲೆಕ್ಕವನ್ನು ಮನುಷ್ಯರಿಗೆ ಹಾಗೇ ಹಾಕುವಂತಿಲ್ಲ. ಮನುಷ್ಯರ ನೊರೊವೈರಸ್ ಈ ಸಿಡಿ300ಎಲ್ಎಫ್ ಬಾಗಿಲನ್ನು ಬಳಸುವುದಿಲ್ಲ. ಅದು ಹಿಡಿದುಕೊಳ್ಳುವುದು ರಕ್ತದ ಗುಂಪಿಗೆ ಸಂಬಂಧಪಟ್ಟ ಸಕ್ಕರೆ ಸರಪಣಿಗಳನ್ನು. ಎಫ್‌ಯುಟಿ2 ಅನ್ನುವ ಜೀನ್ ಕೆಲಸ ಮಾಡದವರ ಕರುಳಿನಲ್ಲಿ ಆ ಸಕ್ಕರೆ ಇರುವುದಿಲ್ಲ. ಅದಕ್ಕೇ ಮನೆಯವರೆಲ್ಲ ಕಾಯಿಲೆ ಬಿದ್ದು ಮಲಗಿದ್ದರೂ ಒಬ್ಬರು ಮಾತ್ರ ಆರಾಮಾಗಿ ಓಡಾಡುವುದು ಉಂಟು.

ಪ್ರಶ್ನೆ: "ನಾಲ್ಕು ವರ್ಷದ ಮಗನಿಗೆ ವಾಂತಿಭೇದಿ ಆಗಿತ್ತು. ಉರಿಯೂತದಿಂದ ವೈರಸ್ ಬೆಳೆಯುತ್ತದೆ ಅಂದಮೇಲೆ ಉರಿಯೂತ ಇಳಿಸುವ ನೋವಿನ ಔಷಧಿ ಕೊಡಬಹುದಿತ್ತಲ್ವಾ? ಕೊಡದೆ ತಪ್ಪು ಮಾಡಿದೆನೇನೋ ಅಂತ ಕೊರಗುತ್ತಿದ್ದೇನೆ." – ಒಬ್ಬ ತಾಯಿ

ಅಮ್ಮಾ, ಕೊರಗಬೇಡಿ. ಕೊಡದೇ ಇದ್ದದ್ದೇ ಒಳ್ಳೆಯದಾಯಿತು.

ಮೇಲೆ ಇಂಡೊಮೆಥಾಸಿನ್ ಪ್ರಯೋಗದ ಬಗ್ಗೆ ಬರೆದೆ. ಅದನ್ನು ಓದಿ ನಿಮ್ಮ ಹಾಗೆ ಯೋಚಿಸುವವರು ತುಂಬ ಜನ ಇರುತ್ತಾರೆ. ಆದರೆ ಆ ತಟ್ಟೆಯಲ್ಲಿ ಇದ್ದದ್ದು ಕರುಳಿನ ಜೀವಕೋಶ ಮಾತ್ರ. ಅದಕ್ಕೆ ಕಿಡ್ನಿ ಇರಲಿಲ್ಲ.

ಭೇದಿಯಾಗಿ ಮೈಯಲ್ಲಿ ನೀರು ಕಡಿಮೆಯಾದಾಗ ಕಿಡ್ನಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಆಗ ಅಲ್ಲಿನ ರಕ್ತನಾಳಗಳನ್ನು ತೆರೆದಿಟ್ಟು ಕಿಡ್ನಿಯನ್ನು ಉಳಿಸುವುದು ಯಾರು? ಅದೇ ಪ್ರೊಸ್ಟಗ್ಲಾಂಡಿನ್. ಕರುಳಿನಲ್ಲಿ ವೈರಸ್‌ಗೆ ಉಪಯೋಗವಾದ ವಸ್ತುವೇ ಕಿಡ್ನಿಯಲ್ಲಿ ಮಗುವನ್ನು ಕಾಯುತ್ತಿರುತ್ತದೆ. ನೀರು ಕಳೆದುಕೊಂಡ ಮಗುವಿಗೆ ಐಬುಪ್ರೊಫೇನ್ ತರಹದ ಔಷಧಿ ಕೊಟ್ಟರೆ ಆ ಕಾವಲು ತಪ್ಪಿ ಕಿಡ್ನಿಗೆ ಪೆಟ್ಟು ಬೀಳಬಹುದು. ಆಸ್ಪಿರಿನ್ ಅಂತೂ ವೈರಸ್ ಜ್ವರದ ಮಕ್ಕಳಿಗೆ ಕೊಡಲೇಬಾರದು, ಮೆದುಳು ಮತ್ತು ಲಿವರ್‌ಗೆ ಪೆಟ್ಟು ಕೊಡುವ ರೈ ಸಿಂಡ್ರೋಮ್ ಅನ್ನುವ ಅಪಾಯ ಇದೆ. ಭೇದಿ ನಿಲ್ಲಿಸುವ ಲೊಪೆರಮೈಡ್ ಮಾತ್ರೆ ಕೂಡ ಚಿಕ್ಕ ಮಕ್ಕಳಿಗೆ ಬೇಡ. ಜ್ವರ ಇದ್ದರೆ ಏನು ಕೊಡಬೇಕು ಅಂತ ನಿಮ್ಮ ಡಾಕ್ಟರನ್ನೇ ಕೇಳಿ.

ಮಗುವಿಗೆ ಬೇಕಾದದ್ದು ಓಆರ್‌ಎಸ್. ಅದು ವೈರಸ್ಸನ್ನು ಮುಟ್ಟುವುದಿಲ್ಲ, ಆದರೆ ಹೋದ ನೀರನ್ನು ವಾಪಸ್ ತರುತ್ತದೆ. ಸಕ್ಕರೆ ಮತ್ತು ಉಪ್ಪು ಒಟ್ಟಿಗೆ ಬಂದರೆ ಎರಡನ್ನೂ ಕೈಹಿಡಿದು ಒಳಗೆ ಕರೆದುಕೊಳ್ಳುವ ಪ್ರೋಟೀನ್ ಕರುಳಿನ ಗೋಡೆಯಲ್ಲಿದೆ. ಅವುಗಳ ಹಿಂದೆ ನೀರೂ ಬರುತ್ತದೆ. ವೈರಸ್ ಸಾಕಷ್ಟು ಹಾಳುಮಾಡಿದ ಕರುಳಿನಲ್ಲೂ ಈ ದಾರಿ ಪೂರ್ತಿ ಮುಚ್ಚಿಹೋಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2002ರಿಂದ ಹೇಳುತ್ತಿರುವ ಅಳತೆಯಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಎರಡೂ ಲೀಟರಿಗೆ 75 ಮಿಲಿಮೋಲ್, ಸಮಸಮ. ಹಾಗಾಗಿ ಪೊಟ್ಟಣದ ಮೇಲೆ ಎಷ್ಟು ನೀರು ಅಂತ ಬರೆದಿದೆಯೋ ಅಷ್ಟೇ ಹಾಕಬೇಕು. ರುಚಿಗೆ ಅಂತ ಇನ್ನಷ್ಟು ಸಕ್ಕರೆ ಸೇರಿಸಿದರೆ ಭೇದಿ ಜಾಸ್ತಿಯಾಗುತ್ತದೆ. ವಾಂತಿ ಆಗುತ್ತಿದ್ದರೆ ಚಮಚದಲ್ಲಿ, ನಿಧಾನವಾಗಿ, ನಡುನಡುವೆ ಬಿಟ್ಟು ಕುಡಿಸಿ. ಆರು ತಿಂಗಳು ದಾಟಿದ ಮಕ್ಕಳಿಗೆ ಝಿಂಕ್ ಕೂಡ 10ರಿಂದ 14 ದಿನ ಕೊಡಬೇಕು ಅಂತಲೂ ಅದೇ ಸಂಸ್ಥೆಯ ಸಲಹೆ ಇದೆ.

ಮಗು ಮಂಕಾದರೆ, ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ, ಕುಡಿದದ್ದೆಲ್ಲ ಹೊರಗೆ ಬರುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ ಕಾಯಬೇಡಿ. ಆಗಿಂದಾಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಪ್ರಶ್ನೆ: "ಭೇದಿಗಿಂತ ಮೊದಲು ವಾಂತಿ ಯಾಕೆ ಶುರುವಾಗುತ್ತದೆ?" – ಅದೇ ತಾಯಿಯ ಎರಡನೇ ಪ್ರಶ್ನೆ

ಕರುಳಿನ ಗೋಡೆಯಲ್ಲಿ ಸಿರೊಟೊನಿನ್ ಅನ್ನುವ, ನರಗಳಿಗೆ ಸುದ್ದಿ ಮುಟ್ಟಿಸುವ ರಾಸಾಯನಿಕ ತುಂಬಿಟ್ಟುಕೊಂಡ ಜೀವಕೋಶಗಳಿವೆ. ರೋಟಾವೈರಸ್ ಅವುಗಳಿಗೂ ಹೊಕ್ಕುತ್ತದೆ. ಅವು ಸಿರೊಟೊನಿನ್ ಚೆಲ್ಲುತ್ತವೆ. ಪಕ್ಕದಲ್ಲೇ ಹಾದುಹೋಗುವ ವೇಗಸ್ ನರ ಆ ಸುದ್ದಿಯನ್ನು ನೇರ ಮೆದುಳಿಗೆ ಒಯ್ಯುತ್ತದೆ. ಇಲಿಗಳಿಗೆ ವಾಂತಿ ಮಾಡಲು ಬರುವುದೇ ಇಲ್ಲ. ಆದರೂ ಸೋಂಕು ತಗುಲಿದ ಇಲಿಗಳ ಮೆದುಳಿನಲ್ಲಿ ವಾಂತಿಗೆ ಸಂಬಂಧಪಟ್ಟ ಜಾಗ ಚುರುಕಾಗಿದ್ದು 2011ರಲ್ಲಿ ಕಂಡುಬಂತು. ಡಾಕ್ಟರು ಕೆಲವೊಮ್ಮೆ ಕೊಡುವ ಒಂಡಾನ್ಸೆಟ್ರಾನ್ ಈ ಸಿರೊಟೊನಿನ್ ಸುದ್ದಿಯನ್ನೇ ತಡೆಯುತ್ತದೆ.

ಪ್ರಶ್ನೆ: "ಜೀವಕೋಶ ಸತ್ತರೆ ವೈರಸ್‌ಗೆ ನಷ್ಟ ತಾನೇ?" – ನಿವೃತ್ತ ಬ್ಯಾಂಕ್ ನೌಕರರು

ಯಾವಾಗ ಸತ್ತಿತು ಅನ್ನುವುದರ ಮೇಲೆ ಹೋಗುತ್ತದೆ. ಬೇಗ ಸತ್ತರೆ ನಷ್ಟ, ಮರಿಗಳು ತಯಾರಾದ ಮೇಲೆ ಸತ್ತರೆ ಲಾಭ.

ಎಂಟೆರೋವೈರಸ್ 71 ಅನ್ನುವ ಕರುಳಿನ ಇನ್ನೊಂದು ವೈರಸ್ ತನ್ನ 3ಸಿ ಅನ್ನುವ ಕತ್ತರಿಯಿಂದ ಗ್ಯಾಸ್ಡರ್ಮಿನ್ ಡಿ ಅನ್ನುವ ನಮ್ಮ ಪ್ರೋಟೀನನ್ನು ತುಂಡರಿಸುತ್ತದೆ. ಜೀವಕೋಶದ ಗೋಡೆಗೆ ತೂತು ಮಾಡಿ ಉರಿಯೂತದ ಸಾವು ತರುವ ಪ್ರೋಟೀನ್ ಅದು. ಆಗಬಾರದ ಜಾಗದಲ್ಲಿ ಕತ್ತರಿಸಿದ್ದರಿಂದ ಅದು ಕೆಲಸಕ್ಕೆ ಬಾರದೆ ಹೋಗುತ್ತದೆ. ಭೇದಿ ತರುವ ಆಸ್ಟ್ರೋವೈರಸ್ ಇದಕ್ಕೆ ತದ್ವಿರುದ್ಧ. ಜೀವಕೋಶ ಸಾಯುವಾಗ ಕ್ಯಾಸ್ಪೇಸ್ ಅನ್ನುವ ಕತ್ತರಿಗಳನ್ನು ಹೊರತೆಗೆಯುತ್ತದೆ. ಆಸ್ಟ್ರೋವೈರಸ್ ತನ್ನ ಅಂಗಿಯನ್ನು ಅದೇ ಕತ್ತರಿಯಿಂದ ಕತ್ತರಿಸಿಕೊಂಡು ಹೊರಗೆ ಬರುತ್ತದೆ. ಕ್ಯಾಸ್ಪೇಸ್ ತಡೆದರೆ ಅದಕ್ಕೆ ಹೊರಬರುವುದೇ ಕಷ್ಟ.

ಹೊರಗೆ ಬಂದ ಮೇಲೂ ನಮ್ಮ ಕತ್ತರಿಗಳ ಸಹಾಯ ಬೇಕು. ರೋಟಾವೈರಸ್ಸಿನ ಹೊರಮೈಯ ಮುಳ್ಳುಗಳನ್ನು ಟ್ರಿಪ್ಸಿನ್ ಕತ್ತರಿಸಿದರೆ ಮಾತ್ರ ಅದು ಜೀವಕೋಶಕ್ಕೆ ಸರಿಯಾಗಿ ಹೊಕ್ಕಬಲ್ಲದು. ಟ್ರಿಪ್ಸಿನ್ ಅಂದರೆ ನಾವು ತಿಂದದ್ದನ್ನು ಅರಗಿಸುವ ಕಿಣ್ವ. ನಮ್ಮ ಪ್ರಯೋಗಾಲಯಕ್ಕೆ ಹೊಸದಾಗಿ ಸೇರಿದ ಒಬ್ಬ ಹುಡುಗಿ ಒಂದು ಸಲ ಟ್ರಿಪ್ಸಿನ್ ಹಾಕುವುದನ್ನು ಮರೆತಳು. ಉಳಿದವರ ತಟ್ಟೆಗಳಲ್ಲಿ ಮೂರು ದಿನಕ್ಕೆ ಜೀವಕೋಶಗಳು ದುಂಡಗಾಗಿ, ತಳ ಬಿಟ್ಟು ಗುಲಾಬಿ ದ್ರವದಲ್ಲಿ ತೇಲುತ್ತಿದ್ದವು. ಅವಳ ತಟ್ಟೆಯಲ್ಲಿ ಹಾಸು ಹಾಕಿದ ಹಾಗೇ ಇತ್ತು. ಅವಳು ಅಳುಮುಖ ಮಾಡಿಕೊಂಡು ತಂದು ತೋರಿಸಿದಳು. ನಾನು ಆ ತಟ್ಟೆಯನ್ನು ಬಿಸಾಡಲು ಬಿಡಲಿಲ್ಲ. ಬಣ್ಣ ಹಾಕಿ ಒಣಗಿಸಿ ಇಟ್ಟುಕೊಂಡೆ. ಹೊಸಬರಿಗೆ ಪಾಠ ಮಾಡುವಾಗ ಎರಡು ತಟ್ಟೆಗಳನ್ನೂ ಅಕ್ಕಪಕ್ಕ ಇಟ್ಟು ತೋರಿಸುತ್ತಿದ್ದೆ.

ಪ್ರಶ್ನೆ: "ಇಷ್ಟೆಲ್ಲ ಗೊತ್ತಾದ ಮೇಲೆ ಔಷಧಿ ಯಾಕೆ ಬಂದಿಲ್ಲ?" – ಅವರದೇ ಪ್ರಶ್ನೆ

ರೋಟಾವೈರಸ್‌ಗೆ ಲಸಿಕೆ ಇದೆ, 2006ರಿಂದ ಹಲವು ದೇಶಗಳ ಮಕ್ಕಳಿಗೆ ಸಿಗುತ್ತಿದೆ. ಬಾಯಿಗೆ ಹಾಕುವ ಹನಿ. ದಯವಿಟ್ಟು ತಪ್ಪಿಸಬೇಡಿ.

ನೊರೊವೈರಸ್‌ನಲ್ಲಿ ತಡವಾದದ್ದಕ್ಕೆ ಒಂದು ದೊಡ್ಡ ಕಾರಣ ಇದೆ. 1968ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ನಾರ್ವಾಕ್ ಊರಿನ ಶಾಲೆಯೊಂದರಲ್ಲಿ ವಾಂತಿಭೇದಿ ಹಬ್ಬಿತು. ಆ ರೋಗದ ಮಲದ ಮಾದರಿಯಲ್ಲಿ ವಿಜ್ಞಾನಿ ಆಲ್ಬರ್ಟ್ ಕಪಿಕಿಯನ್ ವೈರಸ್ಸನ್ನು ಕಂಡರು, 1972ರಲ್ಲಿ ಪ್ರಕಟಿಸಿದರು. ಊರಿನ ಹೆಸರೇ ವೈರಸ್‌ಗೂ ಬಂತು. ಆದರೆ ಅದನ್ನು ತಟ್ಟೆಯಲ್ಲಿ ಬೆಳೆಸಲು ಯಾರಿಗೂ ಸರಿಯಾಗಿ ಆಗಲಿಲ್ಲ. ಬೆಳೆಸಲು ಬಾರದ ವೈರಸ್ ಮೇಲೆ ಔಷಧಿ ಪರೀಕ್ಷೆ ಮಾಡುವುದಾದರೂ ಹೇಗೆ? ಇಲಿಗಳಲ್ಲಿ ದಾರಿ ಕಾಣುತ್ತಿತ್ತು. ಲಾಂಬ್ಡಾ ಅನ್ನುವ ಬಗೆಯ ಇಂಟರ್‌ಫೆರಾನ್ ಕೊಟ್ಟರೆ ಇಲಿಯ ಕರುಳಿನಲ್ಲಿ ತಳವೂರಿದ ನೊರೊವೈರಸ್ ಕೂಡ ತೊಲಗುತ್ತದೆ ಅಂತ 2015ರಲ್ಲಿ ಗೊತ್ತಾಗಿತ್ತು. ವೈರಸ್ ಹತ್ತಿಕ್ಕುವ ಸುದ್ದಿಯನ್ನೇ ನಾವು ಹೊರಗಿನಿಂದ ಕೊಡುವುದು ಅಂದರೆ ಇದೇ. ಉರಿಯೂತವನ್ನು ಪೂರ್ತಿ ಆರಿಸುವುದಕ್ಕಿಂತ ಹೀಗೆ ಬೇಕಾದ ಎಳೆಯನ್ನು ಮಾತ್ರ ಹಿಡಿಯುವುದೇ ಸರಿಯಾದ ದಾರಿ ಅಂತ ನನ್ನ ಅಭಿಪ್ರಾಯ.

2016ರಲ್ಲಿ ಅದೇ ಬೇಲರ್ ಕಾಲೇಜಿನ ಮೇರಿ ಎಸ್ಟೆಸ್ ಅವರ ತಂಡ ಮನುಷ್ಯರ ಕರುಳಿನ ಕಾಂಡಕೋಶಗಳಿಂದ ಪುಟ್ಟ ಕರುಳಿನಂಥ ಅಂಗಾಂಶ ಬೆಳೆಸಿ, ಅದರಲ್ಲಿ ಮನುಷ್ಯರ ನೊರೊವೈರಸ್ ಬೆಳೆಸಿ ತೋರಿಸಿತು. 1968ರಿಂದ ಎಣಿಸಿದರೆ 48 ವರ್ಷ. ಅಲ್ಲೂ ಕೆಲವು ತಳಿಗಳು ಮೊದಮೊದಲು ಹಠ ಹಿಡಿದವು. ಆಮೇಲೆ ತಟ್ಟೆಗೆ ಪಿತ್ತರಸ ಸೇರಿಸಿದರು. ಬೆಳೆದವು.